ಆಟದ ಪಿರಿಯಡ್ ಹೇಗೆ ನಡೆಸಬೇಕು? ಒಂದೇ ಆಟ, ಸಣ್ಣ ಅಂಕಣ, ಸ್ಟೇಷನ್, ಮಕ್ಕಳ ಆಯ್ಕೆ: ನಾಲ್ಕು ಪದ್ಧತಿಗಳ ಹೋಲಿಕೆ

ಕಾರವಾರ, ಅಂಕೋಲಾ ಕಡೆಯ ಶಾಲೆಯಿರಲಿ, ಶಿರಸಿ, ಸಿದ್ದಾಪುರದಂಥ ಘಟ್ಟದ ಮೇಲಿನ ಶಾಲೆಯಿರಲಿ, ದೈಹಿಕ ಶಿಕ್ಷಣ ಶಿಕ್ಷಕರ ಲೆಕ್ಕ ಹೆಚ್ಚುಕಡಿಮೆ ಒಂದೇ: 40 ನಿಮಿಷದ ಪಿರಿಯಡ್, 45 ಮಕ್ಕಳು, ಒಬ್ಬರೇ ಮಾಸ್ತರು ಇಲ್ಲವೇ ಅಕ್ಕೋರು. ಸಾಲು ಮಾಡಿ ಮೈದಾನಕ್ಕೆ ಬಂದು ಹಾಜರಿ ಮುಗಿಯುವಾಗ ಐದು ನಿಮಿಷ ಹೋಗಿರುತ್ತದೆ. ಕೊನೆಗೆ ಸಾಮಾನು ಒಟ್ಟುಮಾಡಿ ಕೈಕಾಲು ತೊಳೆಯಲು ಇನ್ನೈದು. ಉಳಿಯುವುದು 30 ನಿಮಿಷ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಿಸಿಯಾಗುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಪಿರಿಯಡ್ ಪೂರ್ತಿ ಓಡಿಸಿದರೂ ಅದರ ಅರ್ಧವೇ ಸಿಗುವುದು. ಹೀಗಾಗಿ ಈ ನಾಲ್ಕು ಪದ್ಧತಿಗಳನ್ನು ನಡೆಸಿ ನೋಡುವಾಗ ನಾವು ಮೊದಲು ಕೇಳಿಕೊಂಡದ್ದು, 30 ನಿಮಿಷದಲ್ಲಿ ಒಂದೊಂದು ಮಗು ನಿಜಕ್ಕೂ ಎಷ್ಟು ಹೊತ್ತು ಮೈ ಆಡಿಸಿತು ಎಂದು. ಎರಡನೆಯದು ಇನ್ನೂ ಮುಖ್ಯ: ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವ ಮಗುವಿಗೆ ಅವತ್ತು ಏನಾದರೂ ಹೊಸದು ಬಂತೇ?

ಇಡೀ ತರಗತಿಗೆ ಒಂದೇ ಆಟ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚಾಗಿ ಅದು ಖೋ ಖೋ, ಕಬಡ್ಡಿ ಇಲ್ಲವೇ ಥ್ರೋಬಾಲ್. ಸಾಮಾನು ಕಡಿಮೆ ಸಾಕು, ನಿಯಮ ಮಕ್ಕಳಿಗೆ ಮೊದಲೇ ಗೊತ್ತು, ಶಿಸ್ತಿಗೆ ತೊಂದರೆಯಿಲ್ಲ. ಆದರೆ ಖೋ ಖೋದ ಲೆಕ್ಕ ಹಾಕಿ ನೋಡಿ. ಬೆನ್ನಟ್ಟುವ ತಂಡದ ಒಂಬತ್ತು ಮಂದಿ, ಓಡುವವರು ಮೂವರು, ಒಟ್ಟು 12 ಮಕ್ಕಳು ಅಂಕಣದಲ್ಲಿ. ಉಳಿದ 33 ಮಕ್ಕಳು ಗೆರೆಯ ಹೊರಗೆ. ಆ 12ರಲ್ಲೂ ಎಂಟು ಮಂದಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಂದು ಗಳಿಗೆಯಲ್ಲಿ ಓಡುತ್ತಿರುವವರು ನಾಲ್ಕೇ ಜನ. ಮೊದಲ ನಿಮಿಷದಲ್ಲೇ ಔಟಾಗಿ ಹೊರಗೆ ಬರುವ ಮಗುವಿಗೇ ಓಟದ ಅಭ್ಯಾಸ ಹೆಚ್ಚು ಬೇಕು, ಈ ಪದ್ಧತಿಯಲ್ಲಿ ಅತಿ ಕಡಿಮೆ ಓಟ ಸಿಗುವುದೂ ಅದಕ್ಕೇ.

ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಒಂದೇ ಆಟ ಹಿಡಿದುಕೊಳ್ಳುವ ಒತ್ತಡ ಬರುತ್ತದೆ. ಅದು ತಪ್ಪೆನ್ನುವುದಿಲ್ಲ. ಆದರೆ 12 ಮಕ್ಕಳ ತಂಡದ ತಯಾರಿ ಶಾಲೆ ಶುರುವಾಗುವ ಮೊದಲು ಅಥವಾ ಬಿಟ್ಟ ಮೇಲೆ ನಡೆಯಬೇಕು. 45 ಮಕ್ಕಳ ಪಿರಿಯಡ್ ಅದಕ್ಕೆ ಮೀಸಲಾದರೆ ಉಳಿದ 33 ಮಕ್ಕಳ ಪಾಲಿನದನ್ನು ಕಿತ್ತುಕೊಂಡಂತೆ.

ಅದೇ ಆಟ, ಸಣ್ಣ ಅಂಕಣ

ಆಟ ಬಿಡದೆ ಅಂಕಣವನ್ನು ಮಾತ್ರ ಒಡೆಯುವುದು. ನಾಲ್ವರು ಕೂರುವವರು, ಒಬ್ಬ ಬೆನ್ನಟ್ಟುವವ, ಇಬ್ಬರು ಓಡುವವರು: ಏಳು ಮಕ್ಕಳಿಗೆ ಒಂದು ಅಂಕಣ. ಉದ್ದ 14 ಮೀಟರ್, ಅಗಲ 8 ಮೀಟರ್ ಸಾಕು. ಆರು ಅಂಕಣಗಳಲ್ಲಿ 42 ಮಕ್ಕಳು ಆಡುತ್ತಾರೆ, ಉಳಿದ ಮೂವರು ಸರದಿಯಂತೆ ಅಂಪೈರ್. ಜಾಗ ಕಡಿಮೆಯಿದ್ದರೆ ಮೂರು ಅಂಕಣ ಹಾಕಿ, ಉಳಿದರ್ಧ ತರಗತಿಗೆ ಪಕ್ಕದಲ್ಲೇ ಲಗೋರಿ ಕೊಡಿ. ಎರಡೆರಡು ನಿಮಿಷಕ್ಕೆ ಸೀಟಿ ಊದಿ ಓಡುವವರನ್ನು ಬದಲಾಯಿಸಿ, ಔಟಾದವರು ಹೊರಗೆ ಹೋಗದೆ ಅಂಕ ಮಾತ್ರ ಎಣಿಸಲಿ.

ಇಲ್ಲಿ ಎಡವುವುದು ಕಂಬದ ವಿಷಯದಲ್ಲಿ. ಆರು ಅಂಕಣಕ್ಕೆ 12 ಕಂಬ ಎಲ್ಲಿಂದ ತರುವುದು ಎಂದು ಬಿದಿರು ಗೂಟ ನೆಟ್ಟರೆ ಮಗು ಹಿಡಿದು ತಿರುಗುವ ರಭಸಕ್ಕೆ ಅದು ವಾಲುತ್ತದೆ, ಇಲ್ಲವೇ ಸಿಬಿರು ಕೈಗೆ ಚುಚ್ಚುತ್ತದೆ. ಕಂಬದ ಬದಲು ನೆಲದ ಮೇಲೆ ಒಂದು ಮೀಟರ್ ಅಗಲದ ಸುಣ್ಣದ ವೃತ್ತ ಎಳೆದು, ಅದನ್ನು ಸುತ್ತಿ ಬರಬೇಕೆಂಬ ನಿಯಮ ಇಡಿ. ಅಂಕಣದಿಂದ ಅಂಕಣಕ್ಕೆ ಕನಿಷ್ಠ ಮೂರು ಮೀಟರ್ ಅಂತರ ಬೇಕು, ಇಲ್ಲದಿದ್ದರೆ ಎರಡು ಅಂಕಣದ ಓಟಗಾರರು ಢಿಕ್ಕಿ ಹೊಡೆಯುತ್ತಾರೆ. ಓಟ ಎಲ್ಲರಿಗೂ ಸಿಗುತ್ತದೆ, ಅಷ್ಟು ಮಟ್ಟಿಗೆ ಇದು ಒಳ್ಳೆಯ ಪದ್ಧತಿ. ಆದರೆ ನಿಧಾನಕ್ಕೆ ಓಡುವ ಮಗು ಇಲ್ಲಿಯೂ ಎಲ್ಲರಿಗಿಂತ ಮೊದಲು ಸಿಕ್ಕಿಬೀಳುತ್ತದೆ. ಚಟುವಟಿಕೆ ಹೆಚ್ಚಿತು, ಆದರೆ ಮಟ್ಟ ಎಲ್ಲರಿಗೂ ಒಂದೇ ಆಗಿ ಉಳಿಯಿತು.

ಸ್ಟೇಷನ್ ಪದ್ಧತಿ

ನಮ್ಮ ಮತ ಇದಕ್ಕೇ. ಸ್ಟೇಷನ್ ಎಂದರೆ ಮೈದಾನದಲ್ಲಿ ಒಂದೊಂದು ಕೆಲಸಕ್ಕೆ ಗೊತ್ತುಮಾಡಿದ ಜಾಗ, ಮಕ್ಕಳ ಗುಂಪುಗಳು ಸರದಿಯಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಐದು ಸ್ಟೇಷನ್, ಒಂದೊಂದರಲ್ಲಿ ಒಂಬತ್ತು ಮಕ್ಕಳು, ಐದೈದು ನಿಮಿಷದ ಕೆಲಸ, ನಡುವೆ ಒಂದು ನಿಮಿಷದ ಬದಲಾವಣೆ. ಒಟ್ಟು 29 ನಿಮಿಷ, ಪಿರಿಯಡ್‌ಗೆ ಸರಿಯಾಗಿ ಹೊಂದುತ್ತದೆ. ಕ್ರಮ ಹೀಗಿರಲಿ: ಹಗ್ಗ ಜಿಗಿತ, ಗುರಿ ಎಸೆತ, ಓರೆ ಹಗ್ಗದ ಮೇಲಿನ ಜಿಗಿತ, ಸಮತೋಲನ, ಚೆಂಡು ಪಾಸ್. ಕಾಲಿನ ಕೆಲಸದ ಎರಡು ಸ್ಟೇಷನ್ ಅಕ್ಕಪಕ್ಕ ಬಂದರೆ ಎರಡನೆಯದರಲ್ಲಿ ಮಕ್ಕಳು ಸುಸ್ತಾಗಿ ಕೂರುತ್ತಾರೆ, ಅದಕ್ಕೇ ನಡುವೆ ಕೈಯ ಕೆಲಸ.

ಒಂದೇ ಸ್ಟೇಷನ್ನಿನಲ್ಲಿ ಮೂರು ಮಟ್ಟ ಇಡುವುದು ಇದರ ಜೀವಾಳ. ಅದಿಲ್ಲದಿದ್ದರೆ ಇದು ಬರೇ ಸುತ್ತು ತಿರುಗುವ ಕವಾಯತು. ಮಟ್ಟ ಬದಲಾಯಿಸಲು ಜಾಗ, ಕೆಲಸ, ಸಾಮಾನು, ಜೊತೆಗಾರರು, ಈ ನಾಲ್ಕರಲ್ಲಿ ಒಂದನ್ನು ಅಲುಗಿಸಿದರೆ ಸಾಕು. ಗುರಿ ಎಸೆತಕ್ಕೆ ಶಿರಸಿ ಕಡೆ ಅಡಿಕೆ ಹಾಳೆಯನ್ನು 30 ಸೆಂಟಿಮೀಟರ್ ಅಗಲಕ್ಕೆ ದುಂಡಗೆ ಕತ್ತರಿಸಿ ಹಗ್ಗಕ್ಕೆ ತೂಗುಹಾಕಿ. ಬಟ್ಟೆ ಚೆಂಡು ತಾಗಿದ ಕೂಡಲೇ ಹಾಳೆ ಪಟ್ ಎನ್ನುತ್ತದೆ, ಬಿತ್ತೋ ಇಲ್ಲವೋ ಎಂಬ ಜಗಳವೇ ಇರುವುದಿಲ್ಲ. ನೆಲದ ಮೇಲೆ 3, 5, 7 ಮೀಟರಿಗೆ ಗೆರೆ. ದೂರದ ಗೆರೆಗೆ ಹೆಚ್ಚು ಅಂಕ ಎಂದಿರೋ, ಎಲ್ಲರೂ 7 ಮೀಟರಿಗೆ ಹೋಗಿ ನಿಂತು ಎಸೆದದ್ದೆಲ್ಲ ತಪ್ಪುತ್ತಾರೆ. ಐದು ಎಸೆತದಲ್ಲಿ ಮೂರು ತಾಗಿದರೆ ಮಾತ್ರ ಹಿಂದಿನ ಗೆರೆಗೆ, ಒಂದೂ ತಾಗದಿದ್ದರೆ ಮುಂದಿನ ಗೆರೆಗೆ ಎಂಬ ನಿಯಮವಿಟ್ಟರೆ ಮಗು ತನ್ನ ಗೆರೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಹಗ್ಗ ಜಿಗಿತದಲ್ಲೂ ಹಾಗೆಯೇ. ನಡುಹಗ್ಗದ ಮೇಲೆ ನಿಂತಾಗ ಎರಡು ತುದಿ ಕಂಕುಳಿಗೆ ಬರಬೇಕು. ಉದ್ದ ಹೆಚ್ಚಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ತೆಳು ನೈಲಾನ್ ಹಗ್ಗ ತೂಕವಿಲ್ಲದೆ ಗಾಳಿಯಲ್ಲಿ ಮಡಚಿಕೊಳ್ಳುತ್ತದೆ. ಹೆಣೆದ ಹತ್ತಿ ಹಗ್ಗ ಒಳ್ಳೆಯದು. ಜಿಗಿಯಲು ಬಾರದ ಮಗುವಿಗೆ ಮೊದಲು ನೆಲದ ಮೇಲೆ ಹಾವಿನ ಹಾಗೆ ಹರಿದಾಡುವ ಹಗ್ಗ ದಾಟುವುದು, ಆಮೇಲೆ ಇಬ್ಬರು ಹಿಡಿದು ತೊಟ್ಟಿಲಂತೆ ತೂಗುವ ಹಗ್ಗ, ಕೊನೆಗೆ ಪೂರ್ತಿ ಸುತ್ತು.

ಓರೆ ಹಗ್ಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಟ್ಟಸ ಕಟ್ಟಿದ ಹಗ್ಗ ಜಿಗಿಯಲಾಗದ ಮಕ್ಕಳನ್ನು ಒಬ್ಬೊಬ್ಬರಾಗಿ ಆಟದಿಂದ ಹೊರಹಾಕುತ್ತದೆ. ಒಂದು ತುದಿ ಎತ್ತರ, ಒಂದು ತುದಿ ತಗ್ಗು ಮಾಡಿ ಕಟ್ಟಿದರೆ ಯಾರೂ ಹೊರಗಾಗುವುದಿಲ್ಲ. ಮಸ್ಕಾ ಮಾಸ್ಟನ್ ಎಂಬ ದೈಹಿಕ ಶಿಕ್ಷಣ ತಜ್ಞರು 1960ರ ದಶಕದಲ್ಲೇ ಮುಂದಿಟ್ಟ ಉಪಾಯ ಇದು. ನಾಲ್ಕು ಮೀಟರ್ ಅಂತರದ ಎರಡು ಕಂಬಕ್ಕೆ ಒಂದು ಕಡೆ 30 ಸೆಂಟಿಮೀಟರ್, ಇನ್ನೊಂದು ಕಡೆ 90 ಸೆಂಟಿಮೀಟರ್ ಎತ್ತರ. ಹಗ್ಗವನ್ನು ಎರಡೂ ಕಡೆ ಗಂಟು ಹಾಕಬೇಡಿ. ತಗ್ಗಿನ ತುದಿ ಮಾತ್ರ ಕಟ್ಟಿ, ಎತ್ತರದ ತುದಿಯನ್ನು ಮೊಳೆಯ ಮೇಲೆ ಹಾಯಿಸಿ, ಹೊಯ್ಗೆ (ಮರಳು) ತುಂಬಿದ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿ ಇಳಿಬಿಡಿ. ಕಾಲು ತಾಗಿದರೆ ಬಾಟಲಿ ಮೇಲೆದ್ದು ಹಗ್ಗ ಸಡಿಲಾಗುತ್ತದೆ, ಮಗು ಮುಗ್ಗರಿಸುವುದಿಲ್ಲ. ಕೆಳಗೆ 30 ಸೆಂಟಿಮೀಟರ್ ಆಳದ ಹೊಯ್ಗೆ ಬೇಕು. ಮಳೆ ಬಿದ್ದ ಮರುದಿನ ಅದು ಗಟ್ಟಿಯಾಗಿರುತ್ತದೆ, ಗುದ್ದಲಿಯಿಂದ ಕೆದಕದೆ ಜಿಗಿಸಬಾರದು. ದಪ್ಪ ಹಾಸಿಗೆ ಇಲ್ಲದ ಕಡೆ ಬದಿಯಿಂದ ಓಡಿಬಂದು ಕತ್ತರಿ ಜಿಗಿತ, ಅಂದರೆ ಒಂದರ ಹಿಂದೆ ಒಂದು ಕಾಲು ದಾಟಿಸುವ ಜಿಗಿತ ಮಾತ್ರ. ಬೆನ್ನು ಹಾಕಿ ಜಿಗಿಯುವುದು ಬೇಡವೇ ಬೇಡ. ಶುರುವಿನಲ್ಲಿ ಎಲ್ಲರೂ ತಗ್ಗಿನ ತುದಿಗೇ ಮುತ್ತುತ್ತಾರೆ. ಹಗ್ಗಕ್ಕೆ ಮೂರು ಕಡೆ ಬಣ್ಣದ ಬಟ್ಟೆ ತುಂಡು ಕಟ್ಟಿ, “ಇವತ್ತು ಯಾವ ಬಣ್ಣದಲ್ಲಿ ದಾಟಿದೆ?” ಎಂದು ಕೇಳುತ್ತ ಹೋದರೆ ಗುಂಪು ತಾನಾಗಿ ಹರಡುತ್ತದೆ.

ಸ್ಟೇಷನ್ ಪದ್ಧತಿ ಕೆಡುವುದು ಮುಖ್ಯವಾಗಿ ಎರಡು ಕಡೆ. ಮೊದಲ ದಿನವೇ ಐದನ್ನೂ ವಿವರಿಸಲು ಹೋದರೆ 15 ನಿಮಿಷ ಮಾತಿನಲ್ಲೇ ಕಳೆಯುತ್ತದೆ. ಗೊತ್ತಿರುವ ನಾಲ್ಕು ಕೆಲಸದ ಜೊತೆ ವಾರಕ್ಕೆ ಒಂದೇ ಹೊಸದನ್ನು ಸೇರಿಸಿ. ಇನ್ನೊಂದು, ಬದಲಾವಣೆಯ ನಿಮಿಷ. ಒಂದು ಸೀಟಿಗೆ ಕೈಯಲ್ಲಿದ್ದದ್ದು ನೆಲಕ್ಕೆ, ಎರಡನೇ ಸೀಟಿಗೆ ಬಲಗಡೆಯ ಸ್ಟೇಷನ್ನಿಗೆ ನಡಿಗೆ. ಓಡಬಾರದು. ಚೆಂಡು ಕೈಯಲ್ಲೇ ಇದ್ದರೆ ಇನ್ನೊಂದು ಎಸೆತ, ಇನ್ನೊಂದು ಎಸೆತ ಎನ್ನುತ್ತ ಅರ್ಧ ತಂಡ ಅಲ್ಲೇ ಉಳಿಯುತ್ತದೆ. ಶಿಕ್ಷಕರು ಗೋಡೆಗೆ ಬೆನ್ನು ಮಾಡಿ, ಓರೆ ಹಗ್ಗದ ಹತ್ತಿರ ನಿಲ್ಲಬೇಕು. ಬೀಳುವ ಸಂಭವ ಅಲ್ಲಿ ಹೆಚ್ಚು, ಐದೂ ಸ್ಟೇಷನ್ ಕಣ್ಣಿಗೆ ಬೀಳುವುದೂ ಅಲ್ಲಿಂದಲೇ. ಎಸೆತದ ದಿಕ್ಕು ಯಾವತ್ತೂ ಮೈದಾನದ ಹೊರಗೆ, ಬೇರೆ ಸ್ಟೇಷನ್ನಿನ ಕಡೆಗಲ್ಲ.

ದೃಷ್ಟಿ ಮಂದವಿರುವ ಮಗು ತರಗತಿಯಲ್ಲಿದ್ದರೆ ಪಾಸ್ ಸ್ಟೇಷನ್ನಿನ ಚೆಂಡನ್ನು ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಕಟ್ಟಿ ನೆಲದ ಮೇಲೆ ಉರುಳಿಸಿ. ಸರಸರ ಸದ್ದಿನಿಂದ ಚೆಂಡು ಎಲ್ಲಿದೆಯೆಂದು ತಿಳಿಯುತ್ತದೆ. ಇಡೀ ಗುಂಪಿಗೆ ಅದೇ ಚೆಂಡು ಕೊಡಿ, ಆಗ ಆ ಮಗುವನ್ನು ಬೇರೆ ಕೂರಿಸಿದಂತೆ ಆಗುವುದಿಲ್ಲ.

ಮಕ್ಕಳ ಆಯ್ಕೆ

ಕೇಳಲು ಎಲ್ಲಕ್ಕಿಂತ ಚೆಂದ. ಆದರೆ “ನಿಮಗೆ ಬೇಕಾದ್ದು ಆಡಿ” ಎಂದು ಬಿಟ್ಟರೆ ಆಗುವುದೇ ಬೇರೆ: ಬ್ಯಾಟು ಇದ್ದ ಹುಡುಗರು ಮೈದಾನದ ನಡುಭಾಗ ಹಿಡಿಯುತ್ತಾರೆ, ಹುಡುಗಿಯರು ಅಂಚಿಗೆ ಸರಿಯುತ್ತಾರೆ, ನಾಲ್ಕಾರು ಮಕ್ಕಳು ಮರದ ಬುಡದಲ್ಲಿ ಕೂತುಬಿಡುತ್ತಾರೆ. ಕೈ ಎತ್ತಿಸಿ ಕೇಳಿದರೂ ಪ್ರಯೋಜನವಿಲ್ಲ, ಗೆಳೆಯ ಯಾವುದಕ್ಕೆ ಎತ್ತಿದನೋ ಅದಕ್ಕೇ ಕೈ ಏಳುತ್ತದೆ. ಚೀಟಿಯಲ್ಲಿ ಮೊದಲ ಮತ್ತು ಎರಡನೇ ಆಯ್ಕೆ ಬರೆಸಿಕೊಳ್ಳಿ. ಒಂದು ಸಲಕ್ಕೆ ಮೂರೇ ಆಯ್ಕೆ ಇಡಿ, ಆರಿಸಿದ್ದನ್ನು ನಾಲ್ಕು ವಾರ ಬಿಡುವಂತಿಲ್ಲ. ಮೂರೂ ಬೇರೆ ಬೇರೆ ಬಗೆಯವಾಗಿರಲಿ: ಒಂದು ಬೆನ್ನಟ್ಟುವ ಆಟ, ಒಂದು ನೆಟ್ಟಿನ ಆಟ, ಒಂದು ಲಯದ ಚಟುವಟಿಕೆ.

ಲಯದ ಚಟುವಟಿಕೆಗೆ ನಮ್ಮಲ್ಲಿ ಹೊರಗೆ ಹುಡುಕಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆಗಳಲ್ಲಿ ಜಿಗಿತ, ತಿರುಗು, ಸಮತೋಲನ ಎಲ್ಲವೂ ಇವೆ. ಮಂಡಿಯೂರಿ ಸುತ್ತುವ ಮಂಡಿ ಧೀಂಗಿಣವನ್ನು ಮಾತ್ರ ಸಿಮೆಂಟ್ ನೆಲದ ಮೇಲೆ ಮಾಡಿಸಬಾರದು, ಬೆಳೆಯುವ ಮಂಡಿಗೆ ಪೆಟ್ಟು. ನೆಟ್ಟಿನ ಆಟಕ್ಕೆ ಕರಾವಳಿಯಲ್ಲಿ ಹಳೆಯ ಮೀನುಬಲೆ ಸುಲಭವಾಗಿ ಸಿಗುತ್ತದೆ. ಸಿಹಿನೀರಲ್ಲಿ ನೆನೆಸಿ ಒಣಗಿಸಿ, ಮೇಲಂಚಿಗೆ ಬಿಳಿ ಬಟ್ಟೆ ಪಟ್ಟಿ ಹೊಲಿಯಿರಿ. ಪಟ್ಟಿ ಇಲ್ಲದಿದ್ದರೆ ಬಲೆಯ ಅಂಚು ಕಾಣದೆ ಮಕ್ಕಳು ನುಗ್ಗುತ್ತಾರೆ. ಇದನ್ನೂ ಓರೆಯಾಗಿ, 1.5 ಮೀಟರಿನಿಂದ 2.2 ಮೀಟರಿಗೆ ಕಟ್ಟಬಹುದು.

ಸ್ಟೇಷನ್ನಿನಲ್ಲಿ ಪಳಗದ ಮಕ್ಕಳಿಗೆ ಆಯ್ಕೆ ಕೊಟ್ಟರೆ ಗೊತ್ತಿರುವುದನ್ನೇ ಆರಿಸುತ್ತಾರೆ. ರುಚಿ ನೋಡದ್ದನ್ನು ಮಗು ಹೇಗೆ ಬೇಡೀತು? ಹಾಗಾಗಿ ಇದು ವರ್ಷದ ಕೊನೆಯ ಭಾಗಕ್ಕೆ ಸರಿ.

ಮಳೆ ಮತ್ತು ಹೊಯ್ಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ನಮ್ಮದಲ್ಲ. ಚಿರೆಕಲ್ಲಿನ ನೆಲಕ್ಕೆ ಪಾಚಿ ಕಟ್ಟಿದರೆ ಬಿಸಿಲು ಬಂದ ದಿನವೂ ಓಡಿಸಬಾರದು, ಮೇಲೆ ಒಣಗಿದಂತೆ ಕಂಡರೂ ಕಾಲು ಜಾರುತ್ತದೆ. ಆಗ ಜಗಲಿಯೇ ಗತಿ. ಒಂದೇ ಆಟ ಮತ್ತು ಸಣ್ಣ ಅಂಕಣ ಇಲ್ಲಿ ಕೈಬಿಟ್ಟವು, ಸ್ಟೇಷನ್ ಮಾತ್ರ ನಿಂತಿತು. ಜಗಲಿಯ ಉದ್ದಕ್ಕೆ ನಾಲ್ಕು ಸ್ಟೇಷನ್, ಆರಾರು ಮಕ್ಕಳು, ಉಳಿದವರಿಗೆ ತರಗತಿಯೊಳಗೆ ಯೋಗಾಸನ. ಅರ್ಧ ಪಿರಿಯಡ್‌ಗೆ ಅದಲು ಬದಲು. ಹಂಚಿನ ಮಾಡು ಇರುವ ಕಡೆ ಬಟ್ಟೆ ಚೆಂಡು ಬಿಟ್ಟು ಬೇರೆ ಬೇಡ.

ಕಾರವಾರದಂಥ ಊರಿನಲ್ಲಿ ಕಡಲತೀರ ಹತ್ತಿರವಿದ್ದರೆ ಉಬ್ಬರ ಇಳಿತದ ಹೊತ್ತು ನೋಡಿಕೊಂಡು, ಇಳಿತದಲ್ಲಿ ಬಿಟ್ಟುಕೊಡುವ ಗಟ್ಟಿ ಹೊಯ್ಗೆಯನ್ನು ಬಳಸಿ. ಮಕ್ಕಳನ್ನು ಇಳಿಸುವ ಮೊದಲು ಆ ಜಾಗವನ್ನು ಒಮ್ಮೆ ನಡೆದು ಗಾಜು, ಚಿಪ್ಪು ಹೆಕ್ಕಬೇಕು. ತೀರ ಸಮುದ್ರದ ಕಡೆಗೆ ಇಳಿಜಾರು, ಒಂದೇ ದಿಕ್ಕಿಗೆ ಓಡಿಸಿದರೆ ಒಂದೇ ಕಾಲಿಗೆ ಭಾರ, ಆದ್ದರಿಂದ ಹೋದಷ್ಟೇ ದೂರ ತಿರುಗಿ ಬರಲಿ. ನೀರಿಗೆ ಇಳಿಯಲು ಬಿಡಬೇಡಿ.

ಏನನ್ನು ಬರೆದಿಡಬೇಕು

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಫಿಟ್‌ನೆಸ್ ಪರೀಕ್ಷೆಯಲ್ಲಿ 4ನೇ ತರಗತಿಯಿಂದ ಮೇಲಿನವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಕರ್ಲ್‌ಅಪ್ (ಮಲಗಿ ತಲೆ, ಭುಜ ಮೇಲೆತ್ತುವುದು), ಪುಷ್‌ಅಪ್ ಇವೆ. 1ರಿಂದ 3ನೇ ತರಗತಿಗೆ ಒಂಟಿಕಾಲ ಸಮತೋಲನ ಮತ್ತು ಪ್ಲೇಟ್ ಟ್ಯಾಪಿಂಗ್ (ಎರಡು ತಟ್ಟೆಗಳನ್ನು ಕೈಯಿಂದ ಬೇಗ ಬೇಗ ಮುಟ್ಟುವುದು). ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಎಲ್ಲರಿಗೂ ಇದೆ, ಆದರೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಬಾರದು. ಹೊಯ್ಗೆಯ ಮೇಲೆ ತೆಗೆದ 50 ಮೀಟರಿನ ಸಮಯವನ್ನು ಮೈದಾನದ ಸಮಯದ ಪಕ್ಕ ಇಡಬೇಡಿ, ಹೊಯ್ಗೆಯಲ್ಲಿ ಕಾಲು ಹೂತು ಎಲ್ಲರೂ ನಿಧಾನ. ಅರ್ಧ ಹಾಳೆಯ ರಟ್ಟಿನ ಕಾರ್ಡು ಪ್ರತಿ ಮಗುವಿಗೂ ಕೊಟ್ಟು, ಗೆರೆ ಎಷ್ಟು ಮೀಟರ್, ಐದರಲ್ಲಿ ಎಷ್ಟು, ಹಗ್ಗದ ಯಾವ ಬಣ್ಣ ಎಂದು ಮಗುವೇ ತುಂಬಲಿ. ಪೆನ್ಸಿಲಿನಿಂದ ಬರೆಸಿ. ಬೆವರಿದ ಕೈಗೆ, ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡಿ ಕಾರ್ಡು ಓದಲು ಬರುವುದಿಲ್ಲ. ಹೊಸದಾಗಿ ಶುರು ಮಾಡುವವರು ಜೂನ್‌ನಲ್ಲಿ ಜಗಲಿಯ ಮೇಲೆ ಎರಡೇ ಸ್ಟೇಷನ್, ಹಗ್ಗ ಮತ್ತು ಹಾಳೆಯ ಗುರಿ, ಇಟ್ಟುಕೊಳ್ಳಿ. ದಸರಾ ರಜೆ ಮುಗಿಸಿ ಬರುವಾಗ ಮೈದಾನ ಒಣಗಿರುತ್ತದೆ, ಮಕ್ಕಳಿಗೆ ಸೀಟಿಯ ಅರ್ಥವೂ ಗೊತ್ತಿರುತ್ತದೆ, ಆಗ ಐದನ್ನೂ ಹೊರಗೆ ಹರಡಬಹುದು.