ಏಳು ಮಳೆಗಾಲ ಕಂಡ ಕೇಬಲ್‌ಗಳು: ಪೆರ್ಲದ ಮನೆಯೊಂದರ ನೆಟ್‌ವರ್ಕ್ ವಿಮರ್ಶೆ

ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯಿಂದ, ಅಂಗಳದಾಚೆಯ ಹಳೆಯ ಅಡಿಕೆ ಕೊಟ್ಟಿಗೆಯನ್ನೇ ದುರಸ್ತಿ ಮಾಡಿಸಿ ಮಾಡಿಕೊಂಡ ನನ್ನ ಡಿಟಿಪಿ ಕಚೇರಿಗೆ 2018ರ ಏಪ್ರಿಲ್‌ನಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸಿದೆ. ಎರಡೂ ಕಟ್ಟಡಗಳ ಗೋಡೆಗಳು ಮುರಕಲ್ಲಿನವಾದ್ದರಿಂದ ವೈಫೈ ಒಂದು ಕೋಣೆಯನ್ನು ದಾಟುವಷ್ಟರಲ್ಲಿಯೇ ಬಳಲುತ್ತಿತ್ತು. ಆಗ ಎರಡು ಬಗೆಯ ಕೇಬಲ್ ಕೊಂಡಿದ್ದೆ (ಕ್ಯಾಟ್ ಎಂದರೆ ಕೇಬಲ್‌ನ ದರ್ಜೆ): ಮನೆಯೊಳಗೆ ಎಳೆಯಲು ಮತ್ತು ಕಚೇರಿಗೆ ಶುದ್ಧ ತಾಮ್ರದ ಕ್ಯಾಟ್ 6, ತೋಟದ ಕ್ಯಾಮೆರಾಗಳಿಗೆ ಅದರ ಅರ್ಧ ಬೆಲೆಗೆ ಸಿಕ್ಕಿದ ಹೆಸರಿಲ್ಲದ ಕ್ಯಾಟ್ 5ಇ. ಎರಡೂ 305 ಮೀಟರ್‌ನ ಪೆಟ್ಟಿಗೆಗಳೇ. ಎತ್ತಿ ನೋಡಿದಾಗ ಎರಡನೆಯದು ಹತ್ತಿಯಷ್ಟು ಹಗುರವಾಗಿದ್ದುದನ್ನು ಕಂಡು ಆಗಲೇ ಸಂಶಯಪಡಬೇಕಾಗಿತ್ತು.

ಕ್ಯಾಮೆರಾಗಳು ಹಗಲಿನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಆದರೆ ಸುಮಾರು 60 ಮೀಟರ್ ದೂರದ ಪಂಪ್ ಶೆಡ್ಡಿನ ಕ್ಯಾಮೆರಾ ಕತ್ತಲಾಗುತ್ತಿದ್ದಂತೆ ತಾನಾಗಿಯೇ ಆರಿ, ಮತ್ತೆ ಹೊತ್ತಿ, ಬೆಳಗಿನವರೆಗೂ ಅದನ್ನೇ ಮಾಡುತ್ತಿತ್ತು. ಮೂರು ತಿಂಗಳು ಕ್ಯಾಮೆರಾವನ್ನೇ ಶಪಿಸಿದೆ. ಕೊನೆಗೆ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದಾಗ ತಾಮ್ರದ ತೆಳು ಲೇಪದ ಕೆಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡಿತು. ವ್ಯಾಪಾರದಲ್ಲಿ ಇದನ್ನು ಸಿಸಿಎ ಎನ್ನುತ್ತಾರೆ. ಇದರ ವಿದ್ಯುತ್ ರೋಧ ಅದೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ನಾನು ಬಳಸುತ್ತಿದ್ದುದು ಕೇಬಲ್‌ನ ನಾಲ್ಕು ತಂತಿ ಜೋಡಿಗಳಲ್ಲಿ ಖಾಲಿ ಇರುವ ಎರಡರ ಮೂಲಕ 12 ವೋಲ್ಟ್ ಕಳುಹಿಸುವ ಅಗ್ಗದ ವ್ಯವಸ್ಥೆ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕ್ಯಾಮೆರಾ ಅರ್ಧ ಆಂಪಿಯರ್ ಎಳೆಯತೊಡಗಿದಾಗ ಅಷ್ಟು ದೂರದಲ್ಲಿ ಶುದ್ಧ ತಾಮ್ರವಾದರೆ ಎರಡೂವರೆ ವೋಲ್ಟಿನಷ್ಟು ನಷ್ಟವಾಗುತ್ತಿತ್ತು. ಈ ತಂತಿಯಲ್ಲಿ ಹತ್ತಿರ ಹತ್ತಿರ ನಾಲ್ಕು ವೋಲ್ಟ್ ದಾರಿಯಲ್ಲೇ ಕರಗಿ, ಕ್ಯಾಮೆರಾದ ಪಾಲಿಗೆ ಎಂಟು ಮಾತ್ರ ಉಳಿಯುತ್ತಿತ್ತು. 48 ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುವ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳುಹಿಸುವ ಪ್ರಮಾಣಬದ್ಧ ಪಿಒಇ ಸ್ವಿಚ್ ಹಾಕಿದ್ದರೆ ಪ್ರವಾಹ ಕಡಿಮೆಯಾಗಿ ದೋಷ ಬಹುಶಃ ಮುಚ್ಚಿಹೋಗುತ್ತಿತ್ತು. ಆದರೆ ಈ ತಂತಿಗೆ ಇನ್ನೊಂದು ರೋಗವೂ ಇದೆ: ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಎರಡನೆಯ ವರ್ಷದಲ್ಲಿ ಆ ಇಡೀ ಕೇಬಲನ್ನು ಕಿತ್ತು, ಕಪ್ಪು ಪಾಲಿಥಿನ್ ಹೊದಿಕೆಯ, ಹೊರಾಂಗಣಕ್ಕೆಂದೇ ಮಾಡಿದ ತಾಮ್ರದ ಕೇಬಲ್ ಹಾಕಿದೆ. ಬೂದು ಬಣ್ಣದ ಸಾಮಾನ್ಯ ಪಿವಿಸಿ ಹೊದಿಕೆ ಬಿಸಿಲಿಗೆ ಬಿರುಕುಬಿಟ್ಟು ನೀರು ಕುಡಿದಿತ್ತು. ಕಪ್ಪು ಹೊದಿಕೆ ಇಂದಿಗೂ ಹೊಸತರಂತಿದೆ.

ಮನೆಯೊಳಗಿನ ಕ್ಯಾಟ್ 6ರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಏಕೆಂದರೆ ಅದು ಏಳು ವರ್ಷಗಳಲ್ಲಿ ನನ್ನ ಗಮನವನ್ನೇ ಬೇಡಿಲ್ಲ. ಅಟ್ಟದಲ್ಲಿ ಇಲಿ ಕಡಿದ ಒಂದು ತುಂಡನ್ನು ಬದಲಾಯಿಸಿದ್ದು ಬಿಟ್ಟರೆ ಕೇಬಲ್‌ಗೆ ಏನೂ ಆಗಿಲ್ಲ. ಕೆಟ್ಟದ್ದೆಲ್ಲ ಅದರ ತುದಿಗಳು.

ನಾವೆಲ್ಲರೂ ಆರ್‌ಜೆ45 ಎಂದು ಕರೆಯುವ ಎಂಟು ಪಿನ್ನುಗಳ ಪ್ಲಗ್ ನೋಡಲು ಸರಳವಾದರೂ ಅದನ್ನು ಕೂರಿಸುವವರ ಕೈಗುಣವನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಮೊದಲು ಕೆಲಸ ಮಾಡಿದ ಎಲೆಕ್ಟ್ರಿಷಿಯನ್ ಎರಡೂ ತುದಿಗಳಲ್ಲಿ ಒಂದೇ ಕ್ರಮವಿದ್ದರೆ ಸಾಕೆಂದು ಬಣ್ಣಗಳನ್ನು ತನಗೆ ತೋಚಿದಂತೆ ಜೋಡಿಸಿದ್ದ. ಅವನ ಟೆಸ್ಟರಿನಲ್ಲಿ ಎಂಟೂ ದೀಪಗಳು ಸಾಲಾಗಿ ಹೊತ್ತಿಕೊಂಡವು. ಕಚೇರಿಯಿಂದ ಮನೆಗೆ ಫೈಲ್ ಕಳುಹಿಸಿದಾಗ ಮಾತ್ರ ಎತ್ತಿನ ಗಾಡಿಯ ವೇಗ. ಒಂದು ಸಂಕೇತದ ಎರಡು ತಂತಿಗಳು ಒಂದೇ ತಿರುಚಿದ ಜೋಡಿಯಲ್ಲಿ ಸಾಗಿದಾಗಲೇ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗುತ್ತದೆ. ಜೋಡಿ ಒಡೆದರೆ ತಿರುಚಿದ್ದೇ ವ್ಯರ್ಥ. ಅಗ್ಗದ ಟೆಸ್ಟರ್ ತಂತಿ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ, ಯಾವ ತಂತಿ ಯಾರ ಜೊತೆ ಹೆಣೆದುಕೊಂಡಿದೆ ಎಂದು ಹೇಳುವುದಿಲ್ಲ. ಬಳಿಕ ನಾನೇ ಪ್ಲಗ್ ಕೂರಿಸುವ ಕ್ರಿಂಪಿಂಗ್ ಟೂಲ್ ಕೊಂಡು, ಟಿ568ಬಿ ಕ್ರಮವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಿರುಚನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು ಎಂಬುದನ್ನು ಮಾತ್ರ ಕಲಿಯಲು ಹತ್ತಿಪ್ಪತ್ತು ಪ್ಲಗ್‌ಗಳು ಹಾಳಾದವು.

ಕೇಬಲ್‌ಗಳನ್ನೆಲ್ಲ ಕೂಡಿಸುವ ಜಗಲಿಯ ನೆಟ್‌ವರ್ಕ್ ಸ್ವಿಚ್ಚಿಗೆ ಹೋಗುವ ಪ್ಲಗ್‌ಗಳ ಪಿನ್ನುಗಳಲ್ಲಿ ಮೂರನೆಯ ಮಳೆಗಾಲದ ಹೊತ್ತಿಗೆ ಹಸಿರು ಕಿಲುಬು ಹಿಡಿಯಿತು. ಚಿನ್ನದ ಲೇಪ ಹೆಸರಿಗೆ ಮಾತ್ರ ಇರುವ ಅಗ್ಗದ ಪ್ಲಗ್‌ಗಳು ಆಟಿ ತಿಂಗಳ ತೇವವನ್ನು ತಾಳುವುದಿಲ್ಲ. ರೋಗಲಕ್ಷಣ ವಿಚಿತ್ರವಾಗಿತ್ತು: ಸಂಪರ್ಕ ಕಡಿಯಲಿಲ್ಲ, ವೇಗ 1000 ಎಂಬಿಪಿಎಸ್‌ನಿಂದ 100ಕ್ಕೆ ಇಳಿಯಿತು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿಗಳು ಬೇಕು. 100 ಎಂಬಿಪಿಎಸ್‌ಗೆ 1, 2, 3 ಮತ್ತು 6ನೆಯ ಪಿನ್ನುಗಳ ಎರಡು ಜೋಡಿಗಳೇ ಸಾಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿ ಕೈಕೊಟ್ಟರೂ ನಮ್ಮ ಸ್ವಿಚ್ ಕುಂಟುತ್ತ ನಡೆಯುತ್ತಿತ್ತು. ಈಗ ಗೋಡೆಯೊಳಗಿನ ಗಟ್ಟಿ ತಂತಿಯನ್ನು ಕೀಸ್ಟೋನ್ ಸಾಕೆಟ್ಟಿನಲ್ಲಿ ಮುಗಿಸಿ, ಅಲ್ಲಿಂದ ಕಂಪ್ಯೂಟರಿಗೆ ಎಳೆಎಳೆಯಾದ ಮೃದು ತಂತಿಯ ರೆಡಿಮೇಡ್ ಪ್ಯಾಚ್ ಕಾರ್ಡ್ ಬಳಸುತ್ತಿದ್ದೇನೆ. ಕೊಕ್ಕೆ ಮುರಿದರೆ ಅಥವಾ ಕಿಲುಬು ಹಿಡಿದರೆ ಒಂದು ಕಾರ್ಡ್ ಬದಲಾಯಿಸಿದರಾಯಿತು, ಗೋಡೆಯ ಕೇಬಲನ್ನು ಮುಟ್ಟಬೇಕಾಗಿಲ್ಲ.

2020ರ ಅಕ್ಟೋಬರ್‌ನ ಒಂದು ಸಂಜೆ, ಇಲ್ಲಿನವರಿಗೆ ಹೊಸತೇನೂ ಅಲ್ಲದ ಹಿಂಗಾರಿನ ಸಿಡಿಲು ಹತ್ತಿರದ ತೆಂಗಿನ ಮರಕ್ಕೆ ಬಡಿಯಿತು. ಮನೆಯಿಂದ ಕಚೇರಿಗೆ ತೂಗುಹಾಕಿದ್ದ 70 ಮೀಟರ್ ತಾಮ್ರದ ಎರಡೂ ತುದಿಗಳಲ್ಲಿದ್ದ ಸ್ವಿಚ್‌ಗಳು ಸತ್ತವು, ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಕೂಡ ಜೊತೆಗೆ ಹೋಯಿತು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯುವುದನ್ನು ಅಂದಿಗೇ ಬಿಟ್ಟೆ. ಈಗ ಅಲ್ಲಿರುವುದು ಬೆಳಕನ್ನು ಒಯ್ಯುವ ಗಾಜಿನ ಎಳೆಯಾದ ಸಿಂಗಲ್ ಮೋಡ್ ಫೈಬರ್, ಎರಡು ಕಡೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್. ಗಾಜಿನೊಳಗೆ ವಿದ್ಯುತ್ ಹರಿಯದು. ಆದರೆ ಫೈಬರನ್ನು ಹೊತ್ತ ಡ್ರಾಪ್ ಕೇಬಲಿಗೆ ಬಲ ಕೊಡುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಅದನ್ನು ಹೊರಗಿನ ಕೊಕ್ಕೆಯಲ್ಲಿಯೇ ಕತ್ತರಿಸಿ ನಿಲ್ಲಿಸಿ, ಫೈಬರನ್ನು ಮಾತ್ರ ಒಳಗೆ ತರಬೇಕು.

ಫೈಬರಿನ ಕನೆಕ್ಟರ್‌ಗಳಲ್ಲಿ ಬಣ್ಣಕ್ಕೆ ಅರ್ಥವಿದೆ ಎಂಬುದು ಕೈಸುಟ್ಟುಕೊಂಡ ಮೇಲೆ ತಿಳಿಯಿತು. ನೀಲಿ ಎಸ್‌ಸಿ ಕನೆಕ್ಟರಿನ ತುದಿ ನೇರವಾಗಿ ನಯಗೊಳಿಸಿದ್ದು. ಹಸಿರಿನದು 8 ಡಿಗ್ರಿ ಓರೆಯಾಗಿ ಕತ್ತರಿಸಿದ್ದು, ಮರಳುವ ಬೆಳಕು ಪಕ್ಕಕ್ಕೆ ಸರಿದುಹೋಗಲಿ ಎಂದು. ಎರಡೂ ಒಂದೇ ಆಕಾರದವಾದ್ದರಿಂದ ಹಸಿರು ಕನೆಕ್ಟರ್ ನೀಲಿ ಸಾಕೆಟ್ಟಿನೊಳಗೆ ಸಲೀಸಾಗಿ ಕೂರುತ್ತದೆ, ಆದರೆ ತುದಿಗಳ ನಡುವೆ ಎಡೆ ಉಳಿದು ಬೆಳಕು ಸೋರುತ್ತದೆ. ತಿರುಳಿನ ವ್ಯಾಸ ಕೇವಲ 9 ಮೈಕ್ರಾನ್, ಬೆರಳಿನ ಒಂದು ಗುರುತು ಬಿದ್ದರೂ ದಾರಿ ಮುಚ್ಚಿದಂತೆ. ಇದರ ದೊಡ್ಡ ಅನನುಕೂಲವನ್ನು ಮುಚ್ಚಿಡಲಾರೆ: 2022ರಲ್ಲಿ ಅಳಿಲು ಕಡಿದಾಗ ನನ್ನ ಕ್ರಿಂಪಿಂಗ್ ಟೂಲ್ ಉಪಯೋಗಕ್ಕೆ ಬರಲಿಲ್ಲ, ಕಡಿದ ಫೈಬರನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರವಿದ್ದವರು ಇವತ್ತು ನಾಳೆ ಎನ್ನುತ್ತ ಬರಲು ನಾಲ್ಕು ದಿನ ಹಿಡಿಯಿತು. ಆಮೇಲೆ ಅದನ್ನು ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಹೂಳಿದೆ. ಕಾಡುಹಂದಿಗಳು ಕೆದಕುವ ಜಾಗದಲ್ಲಿ ಮೇಲೆ ಮುರಕಲ್ಲು ಹೇರಿದ್ದೇನೆ.

ಅಂತರ್ಜಾಲದಲ್ಲಿ ಕೊಂಡ ಚಪ್ಪಟೆ ‘ಕ್ಯಾಟ್ 7’ ಪ್ಯಾಚ್ ಕಾರ್ಡ್ ಒಂದು ನನ್ನ ಮೇಜಿನಲ್ಲಿದೆ. ಆ ವರ್ಗಕ್ಕೆ ನಿಗದಿಯಾದ ಕನೆಕ್ಟರ್‌ಗಳು ಜಿಜಿ45 ಮತ್ತು ಟೆರಾ. ಇದರ ತುದಿಯಲ್ಲಿದ್ದುದು ಸಾಮಾನ್ಯ ಆರ್‌ಜೆ45. ಅದರ ಲೋಹದ ಕವಚವೂ ನಮ್ಮ ಪ್ಲಾಸ್ಟಿಕ್ ಸಾಕೆಟ್ಟಿನಲ್ಲಿ ಭೂಮಿಗೆ ಸೇರುವುದಿಲ್ಲ. ಹಣ ದಂಡ. 100 ಎಂಬಿಪಿಎಸ್ ಇಂಟರ್ನೆಟ್ ಇರುವ ಮನೆಗೆ ನಿಜವಾದ ತಾಮ್ರದ ಕ್ಯಾಟ್ 5ಇ ಧಾರಾಳ ಸಾಕು, ಅದು 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯಬಲ್ಲದು, ನನಗೆ ಅದರ ಅಗತ್ಯ ಇದುವರೆಗೂ ಬಂದಿಲ್ಲ. ಆದರೂ ಇಂದು ಮತ್ತೆ ಕೊಳ್ಳುವುದಾದರೆ ಅದನ್ನೇ ಕೊಳ್ಳುತ್ತೇನೆ, ಏಕೆಂದರೆ ಮುರಕಲ್ಲಿನ ಗೋಡೆಯನ್ನು ಎರಡನೆಯ ಸಲ ಕೊರೆಯಿಸುವ ಕೂಲಿ ಕೇಬಲ್‌ಗಳ ಬೆಲೆಯ ವ್ಯತ್ಯಾಸವನ್ನು ಮೀರಿಸುತ್ತದೆ.

ಮಳೆಗಾಲದ ಹೊಸ್ತಿಲಿನಲ್ಲಿ ಬರುವ ತುಳುವರ ಪತ್ತನಾಜೆಗೆ ಮುಂಚೆ ಪಂಪ್ ಶೆಡ್ಡಿನ ಎರಡು ಪ್ಲಗ್‌ಗಳನ್ನು ಕತ್ತರಿಸಿ ಹೊಸತು ಹಾಕುವ ಕೆಲಸ ಬಾಕಿಯಿದೆ. ಪ್ರತಿ ತುದಿಯಲ್ಲಿ ಒಂದು ಮೀಟರ್ ಕೇಬಲನ್ನು ಸುರುಳಿ ಸುತ್ತಿ ಬಿಟ್ಟಿದ್ದುದರಿಂದ ಇನ್ನೂ ಹಲವು ಸಲ ಕತ್ತರಿಸಬಹುದು.