ಕೆರೆ ನೀರಿನ ಪರೀಕ್ಷಾ ಕಿಟ್: ಅಳತೆ ಚೆನ್ನ, ಕಾರ್ಡ್ ಮಾತ್ರ ನಂಬಬೇಡಿ

ಕಳೆದ ಬೇಸಿಗೆಯಲ್ಲಿ ಮೂರು ತಿಂಗಳು ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯಲ್ಲಿ ನಾನು ಬಳಸಿದ ಈ ಕಿಟ್‌ನಲ್ಲಿ ಕರಗಿದ ಆಮ್ಲಜನಕ, ಪಿಎಚ್ ಮತ್ತು ಅಮೋನಿಯಾ ಅಳೆಯುವ ದ್ರಾವಣಗಳು, ಒಂದು ಥರ್ಮಾಮೀಟರ್ ಹಾಗೂ ಬಣ್ಣ ಹೋಲಿಸುವ ಕಾರ್ಡ್ ಇವೆ. ಸುಮಾರು ಎರಡೂವರೆ ಸಾವಿರ ರೂಪಾಯಿಗೆ ಐವತ್ತು ಪರೀಕ್ಷೆಗಳಾಗುವುದರಿಂದ ಬೆಲೆಯ ಬಗ್ಗೆ ನನ್ನ ತಕರಾರಿಲ್ಲ.

ಇದರಲ್ಲಿ ಅತ್ಯುತ್ತಮವಾದುದು ಆಮ್ಲಜನಕದ ಪರೀಕ್ಷೆ. ಗಾಳಿಯ ಗುಳ್ಳೆ ಸೇರದಂತೆ ಬಾಟಲಿಯನ್ನು ನೀರೊಳಗೇ ತುಂಬಿ ಮೊದಲೆರಡು ದ್ರಾವಣಗಳನ್ನು ಹಾಕಿದರೆ ಕಂದು ಬಣ್ಣದ ಗಸಿ ಕೂರುತ್ತದೆ. ಆಮ್ಲ ಸೇರಿಸಿದಾಗ ಅದು ಕರಗಿ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಹೋಗುವವರೆಗೆ ಕೊನೆಯ ದ್ರಾವಣದ ಹನಿಗಳನ್ನು ಎಣಿಸಬೇಕು. ಗಸಿ ಕಂದಾಗದೆ ಬೆಳ್ಳಗೇ ಉಳಿದರೆ ನೀರಿನಲ್ಲಿ ಆಮ್ಲಜನಕವೇ ಇಲ್ಲವೆಂದು ಅರ್ಥ, ಹನಿ ಎಣಿಸುವ ಶ್ರಮವೂ ಉಳಿಯುತ್ತದೆ. ಕೊಳಚೆ ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ನಾನು ಅದನ್ನು ಎರಡು ಸಲ ಕಂಡೆ.

ತೊಂದರೆ ಇರುವುದು ಕಾರ್ಡ್‌ನಲ್ಲಿ. ಅದು ಪ್ರತಿಯೊಂದು ಅಳತೆಯನ್ನೂ ಬೇರೆಬೇರೆಯಾಗಿ ‘ಸುರಕ್ಷಿತ’, ‘ಅಪಾಯ’ ಎಂದು ವಿಂಗಡಿಸುತ್ತದೆ, ಆದರೆ ಮೀನು ಆ ನಾಲ್ಕನ್ನೂ ಒಟ್ಟಿಗೇ ಅನುಭವಿಸುತ್ತದೆ. ಅಮೋನಿಯಾವನ್ನೇ ತೆಗೆದುಕೊಳ್ಳಿ. ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಮೀನಿಗೆ ವಿಷವಾಗುವುದು ಅದರ ಮುಕ್ತ ರೂಪ. ನೀರು 25 ಡಿಗ್ರಿ ಇದ್ದು ಪಿಎಚ್ 7 ಇದ್ದರೆ ಮುಕ್ತ ಅಮೋನಿಯಾದ ಪಾಲು ಶೇ. 1ಕ್ಕೂ ಕಡಿಮೆ, ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಪಾಲಿಗೂ ಹೆಚ್ಚು, ಬಿಸಿಲಿಗೆ ನೀರು ಕಾದಷ್ಟೂ ಇನ್ನೂ ಹೆಚ್ಚು. ಕೊಳಚೆಯ ಪೋಷಕಾಂಶಗಳನ್ನು ಉಂಡು ಬೆಳೆದ ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ ತಾನಾಗಿಯೇ ಮೇಲೇರುತ್ತದೆ. ಹಾಗಾಗಿ ಬೆಳಗ್ಗೆ ನಿರಪಾಯವಾಗಿದ್ದ ಅಷ್ಟೇ ಅಮೋನಿಯಾ ಮಧ್ಯಾಹ್ನ ಕಿವಿರುಗಳನ್ನು ಕೆಡಿಸಬಲ್ಲದು, ಕಾರ್ಡ್ ಮಾತ್ರ ಎರಡೂ ಹೊತ್ತಿನಲ್ಲಿ ಅದೇ ಹಸಿರು ಚೌಕವನ್ನು ತೋರಿಸುತ್ತದೆ.

ಆಮ್ಲಜನಕದ ಕಥೆ ಇದಕ್ಕೆ ತಿರುವುಮುರುವು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ, ಬೆಂಗಳೂರಿನ ಎತ್ತರದಲ್ಲಿ ಇನ್ನೂ ಹತ್ತನೇ ಒಂದರಷ್ಟು ಕಡಿಮೆ. ನೀರು ಬಿಸಿಯಾದಾಗ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ, ಕಿವಿರು ಕೆಟ್ಟಿದ್ದರೆ ಇರುವುದನ್ನೂ ಎಳೆದುಕೊಳ್ಳಲಾಗದು. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಅತಿ ಕಡಿಮೆ ಮಟ್ಟ ಸಿಗುವುದು ನಸುಕಿನಲ್ಲಿ. ಕೈಪಿಡಿಯಲ್ಲಿ ಹೊತ್ತಿನ ಪ್ರಸ್ತಾಪವೇ ಇಲ್ಲ. ಮೊದಲ ವಾರ ನಾನು ಸಂಜೆ ನಾಲ್ಕಕ್ಕೆ ಅಳೆದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವನ್ಯಜೀವಿ ಮತ್ತು ಮೀನುಗಾರಿಕೆಗೆಂದು ನಿಗದಿಪಡಿಸಿದ 4 ಮಿಲಿಗ್ರಾಂ ಕನಿಷ್ಠ ಮಟ್ಟಕ್ಕಿಂತ ಎಷ್ಟೋ ಮೇಲಿದೆಯೆಂದು ಸಮಾಧಾನಪಟ್ಟಿದ್ದೆ. ಮುಂದಿನ ವಾರ ಸೂರ್ಯ ಹುಟ್ಟುವ ಮುನ್ನ ಹೋದಾಗ ಆ ಸಮಾಧಾನ ಉಳಿಯಲಿಲ್ಲ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು, ಬೆಳ್ಳಕ್ಕಿಗಳಿಗೆ ಆ ಬೆಳಗು ಹಬ್ಬವಾಗಿತ್ತು.

ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಬಿಸಿಲನ್ನೋ ಕೊಳಚೆಯನ್ನೋ ಒಂದನ್ನೇ ಬೊಟ್ಟು ಮಾಡುವ ವಾದಗಳು ನಡೆದವು. ಮಳೆಯೂ ಈ ಲೆಕ್ಕದಲ್ಲಿ ಸೇರುತ್ತದೆ: ಬೇಸಿಗೆಯ ಮೊದಲ ಮಳೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೆಸರನ್ನು ಒಮ್ಮೆಗೇ ಕೆರೆಗೆ ತಳ್ಳುತ್ತದೆ, ಮೋಡದಿಂದ ಪಾಚಿಯ ಆಮ್ಲಜನಕವೂ ಕುಗ್ಗುತ್ತದೆ. ಕಿಟ್ ಕೊಳ್ಳುವವರು ಮಳೆಯ ಮರುದಿನದ ನಸುಕಿಗೆಂದೇ ಹತ್ತು ಪರೀಕ್ಷೆಗಳನ್ನು ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಸಣ್ಣಪುಟ್ಟ ಕೊರತೆಗಳೂ ಇವೆ: ಪಾಚಿಗಟ್ಟಿದ ನೀರಿನ ಹಸಿರು ಅಮೋನಿಯಾದ ಹಳದಿ ಬಣ್ಣವನ್ನು ಗೊಂದಲಗೊಳಿಸುತ್ತದೆ, ಆಮ್ಲದ ಬಾಟಲಿಯ ಮುಚ್ಚಳ ಸಡಿಲ, ಕೈಪಿಡಿ ಕನ್ನಡದಲ್ಲಿಲ್ಲ. ಇವನ್ನೆಲ್ಲ ಸಹಿಸಿ, ಕಾರ್ಡ್ ಬದಿಗಿಟ್ಟು, ಉಷ್ಣತೆ ಮತ್ತು ಪಿಎಚ್ ಜೊತೆಗೆ ಅಮೋನಿಯಾವನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ತಾಳ್ಮೆ ಇದ್ದವರಿಗೆ ನಾನು ಇದನ್ನು ಐದರಲ್ಲಿ ಮೂರೂವರೆ ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಉಳಿದ ಒಂದೂವರೆಯಲ್ಲಿ ಒಂದನ್ನು ಕಳೆದದ್ದು ಕಾರ್ಡ್‌ಗಾಗಿ. ಅರ್ಧ ಅಂಕ ಕಳೆದದ್ದು, ಅಮೋನಿಯಾ ಪರೀಕ್ಷೆಯ ನೆಸ್ಲರ್ ದ್ರಾವಣದಲ್ಲಿ ಪಾದರಸವಿದ್ದರೂ ಬಳಸಿದ ನೀರನ್ನು ಕೆರೆಗೇ ಚೆಲ್ಲಬಾರದೆಂದು ಕೈಪಿಡಿಯಲ್ಲಿ ಎಲ್ಲೂ ಬರೆಯದ ಕಾರಣಕ್ಕೆ.