ಘಟ್ಟದ ಮೇಲೆ ರಾತ್ರಿ ತಂಗುವ ಮೊದಲು ಕೊನೆಯ ನಾಲ್ಕು ಕಿಲೋಮೀಟರು ವಿಚಾರಿಸಿಕೊಳ್ಳಿ

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಮಲೆನಾಡಿನಲ್ಲಿ ಒಂದು ರಾತ್ರಿ ಕಳೆದು ಬರುವ ಯೋಚನೆಯಲ್ಲಿರುವವರು, ಅದರಲ್ಲೂ ವಯಸ್ಸಾದವರನ್ನೂ ಮಕ್ಕಳನ್ನೂ ಸಣ್ಣ ಕಾರಿನಲ್ಲಿ ಕರೆದುಕೊಂಡು ಹೊರಡುವವರು, ದಯವಿಟ್ಟು ಇದನ್ನು ಓದಿ. ಕಳೆದ ದಸರಾ ರಜೆಯಲ್ಲಿ ನಾವು ಐದು ಮಂದಿ ಒಂದು ಹೋಂಸ್ಟೇಯನ್ನು ಅದರ ಚಿತ್ರ ನೋಡಿ ಆರಿಸಿಕೊಂಡು ಪಟ್ಟ ಪಾಡನ್ನು ಇಲ್ಲಿ ಹೇಳುತ್ತಿದ್ದೇನೆ. ಆ ಹೋಂಸ್ಟೇಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೋಗುತ್ತೀರಿ, ಅಷ್ಟೇ.

ಚಿತ್ರದಲ್ಲಿದ್ದದ್ದು ಇಷ್ಟು: ಹುಲ್ಲು ಹೊದ್ದ ಗುಡ್ಡದ ಅಂಚು, ಅದರ ಕೆಳಗೆ ಮೋಡ ತುಂಬಿದ ಕಣಿವೆ, ಮೂಲೆಯಲ್ಲಿ ಹೋಂಸ್ಟೇಯ ಹೆಸರು. ಪಕ್ಕದಲ್ಲೇ ಮರದ ಕಟಕಟೆಯಿರುವ ಜಗಲಿಯ ಇನ್ನೊಂದು ಚಿತ್ರವಿದ್ದುದರಿಂದ, ಜಗಲಿಯಲ್ಲಿ ಕುಳಿತರೆ ಆ ಕಣಿವೆ ಕಾಣುತ್ತದೆಂದು ನಾವೇ ಕಲ್ಪಿಸಿಕೊಂಡೆವು. ಫೋನಿನಲ್ಲಿ ಮಾತನಾಡಿದವರು ಬಹಳ ಸಜ್ಜನಿಕೆಯಿಂದ ಉತ್ತರಿಸಿದರು. ರಸ್ತೆ ಹೇಗಿದೆ ಎಂದು ಕೇಳಿದ್ದಕ್ಕೆ, "ಎಲ್ಲಾ ಕಾರೂ ಬರ್ತವೆ ಸಾರ್, ಕೊನೇಲಿ ಸ್ವಲ್ಪ ಮಣ್ಣು ರೋಡು, ಮಕ್ಕಳು ಎಂಜಾಯ್ ಮಾಡ್ತಾರೆ" ಎಂದರು. ಆ 'ಸ್ವಲ್ಪ' ಎಷ್ಟೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಾಲ್ಕು ಸಾವಿರ ರೂಪಾಯಿ ಮುಂಗಡ ಕಳುಹಿಸಿದೆ.

ಮಂಗಳೂರಿನಿಂದ, ಘಾಟಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರಕ್ಕೆ ಸುಮಾರು 100 ಕಿಲೋಮೀಟರು. ಊಟ ಮುಗಿಸಿ ಒಂದೂವರೆಗೆ ಹೊರಟರೂ ಬೆಳಕಿರುವಾಗಲೇ ತಲುಪಬಹುದೆಂದು ಲೆಕ್ಕ ಹಾಕಿದ್ದೆ. ಆದರೆ ಬಿ.ಸಿ. ರೋಡಿನ ದಟ್ಟಣೆ, ಉಜಿರೆಯಲ್ಲಿ ಕಾಫಿ, ಘಾಟಿಯಲ್ಲಿ ಝರಿಯ ಮುಂದೆ ಫೋಟೋ ತೆಗೆಯಲು ರಸ್ತೆಗೇ ನಿಲ್ಲಿಸಿದ್ದ ಕಾರುಗಳು, ಒಂದು ತಿರುವಿನಲ್ಲಿ ಎದುರುಬದುರಾಗಿ ಸಿಕ್ಕಿಕೊಂಡ ಬಸ್ಸು ಮತ್ತು ಲಾರಿ, ಇವೆಲ್ಲವನ್ನು ದಾಟಿ ಕೊಟ್ಟಿಗೆಹಾರ ಮುಟ್ಟುವಾಗ ಐದು ಮುಕ್ಕಾಲಾಗಿತ್ತು. ಅಕ್ಟೋಬರ್ ನಡುವಿಗೆ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂಕಾಲರೊಳಗೆ. ಕಡಲ ಕರೆಯಲ್ಲಿ ಬದುಕುವ ನಮಗೆ ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಬೆಳಕು ಉಳಿಯುವುದು ಅಭ್ಯಾಸ. ತೋಟದೊಳಗಿನ ದಾರಿಯಲ್ಲಿ, ಮೋಡ ಕವಿದ ಸಂಜೆ, ಆ ಉಳಿದ ಬೆಳಕು ಇರುವುದೇ ಇಲ್ಲ. ಸಾಲದ್ದಕ್ಕೆ ಹಿಂಗಾರಿನ ಗುಡುಗು ಮಳೆ ಬೀಳುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಕಳಸದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗುವಷ್ಟರಲ್ಲಿ ಅದೂ ಶುರುವಾಯಿತು.

ಮೊಬೈಲಿನ ನಕ್ಷೆ ಅಲ್ಲಿಂದ ಮುಂದೆ 4 ಕಿಲೋಮೀಟರು, 11 ನಿಮಿಷ ಎಂದು ತೋರಿಸಿತು. ಮೊದಲ ಎರಡು ಕಿಲೋಮೀಟರು ಕಿತ್ತುಹೋದ ಡಾಮರು, ಆಮೇಲೆ ಮಣ್ಣು. ಜೀಪುಗಳ ಚಕ್ರ ಕೊರೆದ ಎರಡು ಚರಂಡಿಗಳ ನಡುವೆ ದಿಬ್ಬದಂತೆ ಎದ್ದಿದ್ದ ಮಣ್ಣು ಕಾರಿನ ಹೊಟ್ಟೆಯನ್ನು ಉಜ್ಜುತ್ತಿತ್ತು. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಕಡಿದಾದ ಏರಿನಲ್ಲಿ, ಹಿಂದಿನ ಸೀಟಿನಲ್ಲಿ ಮೂರು ಮಂದಿಯೂ ಡಿಕ್ಕಿ ತುಂಬ ಸಾಮಾನೂ ಇದ್ದಾಗ, ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಚಕ್ರಗಳು ಒದ್ದೆ ನೆಲವನ್ನು ಕಚ್ಚದೆ ಸುಮ್ಮನೆ ತಿರುಗುತ್ತವೆ. ಇದು ನನಗೆ ಆ ರಾತ್ರಿ ಗೊತ್ತಿರಲಿಲ್ಲ. ಕ್ಲಚ್ ಅರ್ಧ ಬಿಟ್ಟು ಎಂಜಿನ್ ಕಿರುಚಿಸುತ್ತ ನಾಲ್ಕೈದು ಬಾರಿ ಪ್ರಯತ್ನಿಸಿದೆ. ಸುಟ್ಟ ವಾಸನೆ ಕಾರಿನೊಳಗೆಲ್ಲ ತುಂಬಿತು, ಕಾರು ಹಿಂದಕ್ಕೆ ಜಾರಿ ಪಕ್ಕದ ಬರೆಗೆ ಒರಗಿ ನಿಂತಿತು. ಬರೆಯ ಬದಲು ಇನ್ನೊಂದು ಬದಿಗೆ ಜಾರಿದ್ದರೆ ಏನಾಗುತ್ತಿತ್ತೆಂಬುದನ್ನು ಮರುದಿನ ಬೆಳಕಿನಲ್ಲಿ ನೋಡಿದೆ.

ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಪತ್ನಿಯನ್ನೂ ಮಕ್ಕಳನ್ನೂ ಅಮ್ಮನನ್ನೂ ಕಾರಿನಲ್ಲಿ ಕೂರಿಸಿ, ಟಾರ್ಚ್ ಹಿಡಿದು ನಾನೊಬ್ಬನೇ ಮೇಲಕ್ಕೆ ನಡೆದೆ. ಹೋಂಸ್ಟೇ ನೋಡಿಕೊಳ್ಳುವ ದಂಪತಿ ಮಾತ್ರ ಅಲ್ಲಿದ್ದರು. ಆತ ಕೊಡೆ ಹಿಡಿದು ಓಡಿಬಂದು ಮೊದಲು ಹೇಳಿದ ಮಾತು, "ಒಬ್ರೇ ಯಾಕೆ ಬಂದ್ರಿ ಸಾರ್, ಈ ಕಡೆ ಆನೆ ಓಡಾಟ ಇದೆ" ಎಂಬುದು. ಮೂಡಿಗೆರೆ ತಾಲೂಕಿನಲ್ಲಿ ಕಾಡಾನೆಗೆ ಜೀವ ತೆತ್ತವರ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದದವನಲ್ಲ. ಕೋಣೆ ಕಾದಿರಿಸುವಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ. ಅವರ ಜೀಪು ಮಾಲೀಕರ ಜೊತೆ ಚಿಕ್ಕಮಗಳೂರಿಗೆ ಹೋಗಿತ್ತು. ಅಲ್ಲಿಗೆ, ಫೋನಿನಲ್ಲಿ ಸಜ್ಜನಿಕೆಯಿಂದ ಮಾತನಾಡಿದವರು ಆ ಜಾಗದಲ್ಲಿ ಇರುವವರೇ ಅಲ್ಲ ಎಂಬುದೂ ತಿಳಿಯಿತು. ಎಪ್ಪತ್ತೊಂದು ವರ್ಷದ ಅಮ್ಮ ಆ ಮಳೆಯಲ್ಲಿ ಸುಮಾರು ಒಂದು ಕಿಲೋಮೀಟರು ಏರು ನಡೆದರು. ಕಾಲಿಗೆ ಇಂಬಳ ಹತ್ತಿದ್ದು ಒಳಗೆ ಬಂದ ಮೇಲೆ ಕಂಡಿತು, ಆದರೆ ಅದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯವೆಂದರೆ ಅಮ್ಮನಿಗೆ ದಮ್ಮು ಇದೆ. ಉಸಿರು ಕಟ್ಟಿದಾಗ ಔಷಧಿಯ ಹಬೆ ಕೊಡುವ ನೆಬ್ಯುಲೈಜರ್ ಜೊತೆಯಲ್ಲೇ ಇತ್ತು, ಆದರೆ ಅದು ನಡೆಯುವುದು ಕರೆಂಟಿನಲ್ಲಿ. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಇನ್ವರ್ಟರ್ ಎರಡು ದೀಪಕ್ಕೆ ಮಾತ್ರವೆಂದರು, ಅದೂ ಒಂಬತ್ತಕ್ಕೆ ಆರಿತು. ಇನ್‌ಹೇಲರ್ ಒಂದನ್ನೇ ನಂಬಿಕೊಂಡು, ಆತನ ಹೆಂಡತಿ ಕಾಯಿಸಿ ಕೊಟ್ಟ ಬಿಸಿನೀರು ಕುಡಿಸುತ್ತ, ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ ಬೆಳಗು ಮಾಡಿದೆವು. 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಇಲ್ಲ, ಮೂಡಿಗೆರೆಯ ಆಸ್ಪತ್ರೆಗೆ ಹೊರಡಲು ಕಾರು ಇಲ್ಲ. ಅಮ್ಮನ ಉಸಿರು ಮೂರು ಗಂಟೆಯ ಹೊತ್ತಿಗೆ ತಾನಾಗಿ ಹದಕ್ಕೆ ಬಂದದ್ದು ನಮ್ಮ ಪುಣ್ಯವೇ ಹೊರತು ನನ್ನ ಜಾಣ್ಮೆಯಲ್ಲ.

ಬೆಳಿಗ್ಗೆ ಜಗಲಿಗೆ ಬಂದು ನೋಡಿದರೆ ಎದುರಿಗಿದ್ದದ್ದು ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಕಾಳುಮೆಣಸು, ಕೆಳಗೆ ಕಾಫಿ ಗಿಡ. ನಮ್ಮಲ್ಲಿ ಕಾಫಿಯನ್ನು ಬೆಳೆಯುವುದೇ ಮರದ ನೆರಳಿನಲ್ಲಿ. ತೋಟದ ನಡುವಿನ ಮನೆಯ ಜಗಲಿಯಿಂದ ಕಣಿವೆ ಕಾಣುವುದು ಅಪರೂಪವೆಂದು ಮೊದಲೇ ಹೊಳೆಯಬೇಕಿತ್ತು. ಚಿತ್ರದ ಕಣಿವೆ ಎಲ್ಲಿ ಎಂದು ಕೇಳಿದರೆ ಆತ ಸಂಕೋಚದಿಂದ, ಅದು ರಾಣಿ ಝರಿ ಎಂಬ ಗುಡ್ಡದಂಚು, ಜೀಪಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಅದಕ್ಕೆ ಬೇರೆ ದುಡ್ಡು ಎಂದರು. ಗ್ಯಾಸ್ ಸಿಲಿಂಡರ್ ಕೂಡ ತಮ್ಮಲ್ಲಿಗೆ ಜೀಪಿನಲ್ಲೇ ಬರುವುದೆಂದೂ, ಮಣ್ಣು ಒಣಗುವವರೆಗೆ ಕಾರುಗಳು ಹತ್ತುವುದಿಲ್ಲವೆಂದೂ ಅವರೇ ಹೇಳಿದರು. ಕಾರನ್ನು ಟ್ರ್ಯಾಕ್ಟರಿನಿಂದ ಎಳೆಸಿ ಕೆಳಗಿಳಿಸಿದೆವು. ಮಂಗಳೂರಿಗೆ ಬಂದ ಮೇಲೆ ಕ್ಲಚ್ ಪ್ಲೇಟಿಗೆ 9,400 ರೂಪಾಯಿ ಹೋಯಿತು. ಮುಂಗಡದ ಮಾತು ಎತ್ತಿದ ಮೇಲೆ ಆ ಸಜ್ಜನರು ಫೋನ್ ಎತ್ತುವುದನ್ನು ನಿಲ್ಲಿಸಿದರು.

ಆದ್ದರಿಂದ ರಸ್ತೆ ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳಬೇಡಿ. ಚೆನ್ನಾಗಿದೆ ಎಂದೇ ಹೇಳುತ್ತಾರೆ. ನಿಮ್ಮಲ್ಲಿಗೆ ಗ್ಯಾಸ್ ಸಿಲಿಂಡರಿನ ಗಾಡಿ ಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿ. ಈ ಪ್ರಶ್ನೆಗೆ ಸುಳ್ಳು ಸಿದ್ಧವಾಗಿರುವುದಿಲ್ಲ. ಹಣ ಕಳುಹಿಸುವ ಮೊದಲು ಆ ಜಾಗದಲ್ಲೇ ಇರುವವರ ಮೊಬೈಲ್ ಸಂಖ್ಯೆ ಪಡೆದು ರಾತ್ರಿ ಎಂಟಕ್ಕೆ ಒಮ್ಮೆ ಕರೆ ಮಾಡಿ ನೋಡಿ. ಹೊಗಳಿಕೆಯ ಅಭಿಪ್ರಾಯಗಳನ್ನು ಓದುವಾಗ ತಿಂಗಳನ್ನೂ ನೋಡಿ: ನಾನು ಮೆಚ್ಚಿ ಓದಿದವೆಲ್ಲ ಜನವರಿ, ಫೆಬ್ರವರಿಯವು. ಘಾಟಿಯ ಸ್ಥಿತಿಯನ್ನು ಹೊರಡುವ ದಿನವೇ ವಿಚಾರಿಸಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯಲ್ಲಿ ತಿಂಗಳುಗಟ್ಟಲೆ ಸಂಚಾರ ನಿಂತದ್ದನ್ನು ಕಂಡ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಮಂಗಳೂರನ್ನು ಬೆಳಿಗ್ಗೆಯೇ ಬಿಡಿ.

ಫೆಬ್ರವರಿಯಲ್ಲಿ ಮತ್ತೆ ಹೋದೆವು, ಅಮ್ಮನೂ ಬಂದರು. ಈ ಬಾರಿ ಮುಖ್ಯರಸ್ತೆಯ ಬದಿಯಲ್ಲೇ, ಮೆಡಿಕಲ್ ಶಾಪಿನಿಂದ ನಾಲ್ಕು ಹೆಜ್ಜೆಯಲ್ಲಿರುವ ಒಂದು ಸಾಧಾರಣ ವಸತಿಗೃಹದಲ್ಲಿ ಉಳಿದೆವು. ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಎದುರಿನ ಕಟ್ಟಡದ ನೀರಿನ ಟ್ಯಾಂಕು. ಬೆಳಿಗ್ಗೆ ಬಾಡಿಗೆ ಜೀಪು ಗೊತ್ತುಮಾಡಿಕೊಂಡು ರಾಣಿ ಝರಿಗೆ ಹೋದೆವು. ಜಾಹೀರಾತಿನ ಆ ಚಿತ್ರ ಅಲ್ಲಿ ಯಥಾವತ್ತಾಗಿ ಇತ್ತು. ಮೋಡ ಸರಿದ ಮೇಲೆ ಕೆಳಗೆ ಕಂಡದ್ದು ನಮ್ಮದೇ ಬೆಳ್ತಂಗಡಿ ತಾಲೂಕು.